ಒಸಿಡಿ ಇರುವ ಮಗು ಕೇಳಿದ್ದನ್ನೇ ಕೇಳುತ್ತಿದ್ದರೆ ಉತ್ತರ ಕೊಡಬೇಕೇ?

ಪ್ರಶ್ನೆ: ಹನ್ನೊಂದು ವರ್ಷದ ಮಗಳಿಗೆ ಒಸಿಡಿ (ಗೀಳು ಕಾಯಿಲೆ) ಇದೆ. ‘ಬಾಗಿಲ ಹಿಡಿ ಮುಟ್ಟಿದೆ, ಏನೂ ಆಗಲ್ಲ ಅಲ್ವಾ ಅಮ್ಮ?’ ಎಂದು ದಿನವಿಡೀ ಕೇಳುತ್ತಾಳೆ. ‘ಇಲ್ಲ’ ಎಂದರೆ ಐದು ನಿಮಿಷ ಸುಮ್ಮನಿರುತ್ತಾಳೆ, ಮತ್ತೆ ಶುರು. ಉತ್ತರ ಕೊಡದಿದ್ದರೆ ಅಳುತ್ತಾಳೆ. ಏನು ಮಾಡಲಿ?

ಉತ್ತರ: ಉತ್ತರ ಕೊಡುವುದನ್ನು ನಿಲ್ಲಿಸಲೇಬೇಕು. ಆದರೆ ಒಮ್ಮೆಲೇ ಬೇಡ, ಅವಳಿಗೆ ಹೇಳದೆಯಂತೂ ಬೇಡವೇ ಬೇಡ.

ಪದೇ ಪದೇ ಕೈ ತೊಳೆಯುವಂತೆಯೇ ಹೀಗೆ ಕೇಳುವುದೂ ಗೀಳಿನ ಭಾಗ. ನಿಮ್ಮ ‘ಇಲ್ಲ’ದಿಂದ ಭಯ ಇಳಿಯುತ್ತದೆ. ‘ಅಮ್ಮ ಹೇಳಿದ್ದಕ್ಕೇ ಬಚಾವಾದೆ’ ಎಂದು ಮನಸ್ಸು ಕಲಿಯುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಬೇಗ ಕೇಳಬೇಕೆನಿಸುತ್ತದೆ.

ಒಸಿಡಿಗೆ ಹೆಚ್ಚು ಫಲ ಕೊಡುವ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಥೆರಪಿ ಈ ಕೊಂಡಿಯನ್ನೇ ಕಡಿಯುತ್ತದೆ: ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸುವುದು, ಆಮೇಲೆ ತೊಳೆಯದೆ, ಕೇಳದೆ ಇರುವುದು. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಸೆಷನ್ ಬೇಕಾಗುತ್ತದೆ. ಥೆರಪಿಸ್ಟ್ ಜೊತೆ ಕೂತು ಮಗುವೇ ತನ್ನ ಭಯಗಳಿಗೆ 0ಯಿಂದ 10ರವರೆಗೆ ಅಂಕ ಕೊಡುತ್ತದೆ. ಹಿಡಿಯನ್ನು ಒಂದು ಬೆರಳಲ್ಲಿ ಮುಟ್ಟುವುದು 3, ಇಡೀ ಅಂಗೈ ಇಡುವುದು 5, ಅದೇ ಕೈಯಲ್ಲಿ ದಿಂಬು ಮುಟ್ಟುವುದು 8, ಹೀಗೆ. ಶುರುಮಾಡುವುದು 3ರಿಂದ, ಅದೂ ಪ್ರತಿದಿನ. ಮೊದಲೇ 8ಕ್ಕೆ ಕೈ ಹಾಕಿಸಿದರೆ ಮಗು ಥೆರಪಿಗೇ ಹೆದರುತ್ತದೆ. ಭಯ ಏರಿದ್ದಾಗಲೇ ಎದ್ದು ಹೋಗಲು ಬಿಟ್ಟರೆ ‘ತಪ್ಪಿಸಿಕೊಂಡೆ, ಉಳಿದೆ’ ಎಂಬ ಪಾಠವೇ ಗಟ್ಟಿಯಾಗುತ್ತದೆ. ಹದಿಹರೆಯದವರಲ್ಲಿ ಇನ್ನೊಂದು ತೊಡಕು: ಹೊರಗೆ ಶಾಂತವಾಗಿ ಕಂಡರೂ ಒಳಗೊಳಗೇ ಎಣಿಸುತ್ತಲೋ ಪ್ರಾರ್ಥಿಸುತ್ತಲೋ ಇರಬಹುದು. ಅದನ್ನೂ ಕೇಳಿ ತಿಳಿಯಬೇಕು, ಇಲ್ಲವಾದರೆ ಅಭ್ಯಾಸವೆಲ್ಲ ವ್ಯರ್ಥ.

ಮನೆಯಲ್ಲಿ ನಿಮ್ಮ ಪಾಲು ಇಷ್ಟು. ಅವಳು ನೆಮ್ಮದಿಯಾಗಿರುವಾಗ ಮೊದಲೇ ಹೇಳಿ: ‘ಇನ್ನು ಮೇಲೆ ಈ ಪ್ರಶ್ನೆಗೆ ಒಂದೇ ಸಲ ಉತ್ತರ.’ ಕೆಲವು ದಿನಗಳ ನಂತರ ಅದೂ ಇಲ್ಲ. ‘ಇದು ಒಸಿಡಿ ಕೇಳಿಸ್ತಿರೋ ಪ್ರಶ್ನೆ ಪುಟ್ಟಾ. ನಿಂಗೆ ತುಂಬ ಕಷ್ಟ ಆಗ್ತಿದೆ ಅಂತ ಗೊತ್ತು, ನೀನು ತಡ್ಕೋತೀಯ’ ಎಂದಷ್ಟೇ ಹೇಳಿ ಪಕ್ಕದಲ್ಲಿರಿ. ಅಪ್ಪ, ಅಜ್ಜಿ ಎಲ್ಲರೂ ಇದನ್ನೇ ಹೇಳಬೇಕು. ಒಬ್ಬರು ಸೋತು ಉತ್ತರಿಸಿದರೂ ಹಟ ಹೆಚ್ಚುತ್ತದೆ. ಮೊದಮೊದಲು ಅಳು ಜೋರಾಗುವುದು ಸಹಜ. ಯೋಜನೆ ಕೆಟ್ಟಿತು ಎಂದು ಕೈಬಿಡಬೇಡಿ. ಗದರುವುದು, ಹಂಗಿಸುವುದು ಮಾತ್ರ ಖಂಡಿತ ಬೇಡ.

ಊಟ, ನಿದ್ದೆ, ಶಾಲೆ ತಪ್ಪುವಷ್ಟು ತೀವ್ರವಾಗಿದ್ದರೆ ಮನೋವೈದ್ಯರು ಥೆರಪಿ ಜೊತೆಗೆ ಸರ್ಟ್ರಾಲಿನ್‌ನಂಥ ಮಾತ್ರೆ ಕೊಡಬಹುದು. ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಿದರೆ ಅಥವಾ ಸಾಯುವ ಮಾತು ಬಂದರೆ ಅಂದೇ ಅವರಿಗೆ ತಿಳಿಸಿ. ಗುಣ ಕಂಡಿತೆಂದು ನೀವಾಗಿ ಮಾತ್ರೆ ನಿಲ್ಲಿಸಬೇಡಿ.