ಬೀದರಿನ ಬಯಲಿಗೆ ಎಷ್ಟು ಉದ್ದದ ಲೆನ್ಸ್ ಬೇಕು?

ಬೀದರ ಸುತ್ತಲಿನ ಹುಲ್ಲುಬಯಲಿನಲ್ಲಿ ಕೃಷ್ಣಮೃಗಗಳ ಚಿತ್ರ ತೆಗೆಯಬೇಕು, ಚಳಿಗಾಲದಲ್ಲಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಹತ್ತಿರದಿಂದ ಕಂಡಂತೆ ಸೆರೆಹಿಡಿಯಬೇಕು ಎಂದು ಬಯಸುವವರು ಕ್ಯಾಮೆರಾದ ನಂತರ ದೊಡ್ಡ ಹಣ ಹಾಕುವುದು ಟೆಲಿಫೋಟೋ ಝೂಮ್ ಲೆನ್ಸಿನ ಮೇಲೆ. ಕೊಳ್ಳುವ ಮುನ್ನ ನಡೆಯುವ ವಿಚಾರವೆಲ್ಲ ಸಾಮಾನ್ಯವಾಗಿ ಮಿಲಿಮೀಟರುಗಳದ್ದೇ, ಅಂದರೆ ಲೆನ್ಸಿನ ಸಂಗಮದೂರದ್ದೇ (ಫೋಕಲ್ ಲೆಂತ್) ಆಗಿರುತ್ತದೆ; ಇದು ಹೆಚ್ಚಿದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. 400 ಸಾಕೇ, 600 ಬೇಕೇ, 800 ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರೇ ಹೆಚ್ಚು. ನಮ್ಮ ಬಿಸಿಲುನಾಡಿನಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸುವುದು ಲೆನ್ಸಿನೊಳಗಿನ ಗಾಜಿಗಿಂತ ಹೆಚ್ಚಾಗಿ ಲೆನ್ಸಿಗೂ ಪ್ರಾಣಿಗೂ ನಡುವೆ ಇರುವ ಗಾಳಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ದೂರದ ವಸ್ತುವಿನ ಬಿಂಬ ಕ್ಯಾಮೆರಾದಲ್ಲಿ ಬೆಳಕನ್ನು ದಾಖಲಿಸುವ ಫಲಕವಾದ ಸೆನ್ಸರಿನ ಮೇಲೆ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದನ್ನು ತಿಳಿಯಲು ವಸ್ತುವಿನ ಎತ್ತರವನ್ನು ಲೆನ್ಸಿನ ಸಂಗಮದೂರದಿಂದ ಗುಣಿಸಿ, ವಸ್ತು ಇರುವ ದೂರದಿಂದ ಭಾಗಿಸಿದರೆ ಸಾಕು. ಕೃಷ್ಣಮೃಗದ ಭುಜದೆತ್ತರ ಸುಮಾರು 80 ಸೆಂ.ಮೀ. ಅದು 100 ಮೀಟರ್ ದೂರದಲ್ಲಿ ನಿಂತಿದ್ದರೆ 600 ಮಿ.ಮೀ. ಲೆನ್ಸು 4.8 ಮಿ.ಮೀ. ಎತ್ತರದ ಬಿಂಬವನ್ನು ಕೊಡುತ್ತದೆ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ) ಸೆನ್ಸರಿನ ಎತ್ತರ 24 ಮಿ.ಮೀ. ಆಗಿರುವುದರಿಂದ ಪ್ರಾಣಿಯು ಚಿತ್ರದ ಎತ್ತರದ ಐದನೆಯ ಒಂದು ಭಾಗವನ್ನಷ್ಟೇ ತುಂಬುತ್ತದೆ. ಅದೇ ಲೆನ್ಸನ್ನು ಫುಲ್ ಫ್ರೇಮಿಗಿಂತ ಸುಮಾರು 1.5 ಪಟ್ಟು ಚಿಕ್ಕದಾದ ಎಪಿಎಸ್‌-ಸಿ ಸೆನ್ಸರಿನ ಕ್ಯಾಮೆರಾಕ್ಕೆ ಜೋಡಿಸಿದರೆ ಪ್ರಾಣಿ ಚಿತ್ರದ ಮೂರನೆಯ ಒಂದು ಭಾಗದಷ್ಟು ಕಾಣುತ್ತದೆ. ಇಲ್ಲಿ ಬಿಂಬ ದೊಡ್ಡದಾಗುವುದಿಲ್ಲ, ಅದರ ಸುತ್ತಲಿನ ಚೌಕಟ್ಟು ಚಿಕ್ಕದಾಗುತ್ತದೆ. ಆದ್ದರಿಂದ 1.5 ಪಟ್ಟು ಹೆಚ್ಚು ದೂರ ನೋಡುವ ಶಕ್ತಿ ಪುಕ್ಕಟೆಯಾಗಿ ಸಿಕ್ಕಿತೆಂದು ತಿಳಿಯಬಾರದು. ಸೂಕ್ಷ್ಮ ವಿವರಗಳ ಲಾಭವಾಗುವುದು ಆ ಸೆನ್ಸರಿನ ಪಿಕ್ಸೆಲ್‌ಗಳು ನಿಜವಾಗಿಯೂ ಚಿಕ್ಕದಾಗಿದ್ದಾಗ ಮಾತ್ರ.

ಇಷ್ಟು ಉದ್ದದ ಸಂಗಮದೂರವನ್ನು ಕೈಯಲ್ಲಿ ಹಿಡಿಯಬಹುದಾದ ಕೊಳವೆಯೊಳಗೆ ಅಡಗಿಸುವ ಉಪಾಯ 1891ರಷ್ಟು ಹಳೆಯದು. ಆ ವರ್ಷ ಇಂಗ್ಲೆಂಡಿನ ಥಾಮಸ್ ಡಾಲ್‌ಮೆಯರ್ ಹಾಗೂ ಜರ್ಮನಿಯ ಅಡಾಲ್ಫ್ ಮೀಟೆ ಪರಸ್ಪರ ಸಂಬಂಧವಿಲ್ಲದೆ ಟೆಲಿಫೋಟೋ ಲೆನ್ಸನ್ನು ರೂಪಿಸಿದರು. ಮುಂದಿನ ಗಾಜುಗಳ ಗುಂಪು ಬೆಳಕನ್ನು ಒಗ್ಗೂಡಿಸುತ್ತದೆ, ಹಿಂದಿನ ಗುಂಪು ಅದನ್ನು ಸ್ವಲ್ಪ ಚದುರಿಸುತ್ತದೆ. ಇದರಿಂದಾಗಿ ಲೆನ್ಸಿನ ಮೈಯುದ್ದ ಸಂಗಮದೂರಕ್ಕಿಂತ ಬಹಳ ಕಡಿಮೆಯಾಗುತ್ತದೆ. ಸೋನಿಯ 200-600 ಮಿ.ಮೀ. ಝೂಮ್ ಸುಮಾರು 32 ಸೆಂ.ಮೀ. ಉದ್ದವಿರುವುದು ಈ ಕಾರಣದಿಂದಲೇ. ಆದರೆ ಉದ್ದವನ್ನು ಕುಗ್ಗಿಸಿದಂತೆ ಅಗಲವನ್ನು ಕುಗ್ಗಿಸುವ ದಾರಿಯಿಲ್ಲ. ಅಪರ್ಚರ್ ಸಂಖ್ಯೆ ಎಂದರೆ ಸಂಗಮದೂರವನ್ನು ಬೆಳಕಿನ ದ್ವಾರದ ವ್ಯಾಸದಿಂದ ಭಾಗಿಸಿ ಬರುವ ಸಂಖ್ಯೆ. ಹಾಗಾಗಿ ಎಫ್ 6.3ರಲ್ಲಿ 600 ಮಿ.ಮೀ. ಬೇಕೆಂದರೆ 95 ಮಿ.ಮೀ. ವ್ಯಾಸದ ದ್ವಾರ ಬೇಕೇ ಬೇಕು. ಸಿಗ್ಮಾ, ಟ್ಯಾಮ್ರಾನ್, ಸೋನಿ, ನಿಕಾನ್ ಕಂಪನಿಗಳ ಈ ವರ್ಗದ ಝೂಮ್‌ಗಳಲ್ಲಿ ಹೆಚ್ಚಿನವು 95 ಮಿ.ಮೀ. ಫಿಲ್ಟರನ್ನೇ ಕೇಳುವುದು, ಎರಡು ಕಿಲೋ ಆಸುಪಾಸಿನಲ್ಲಿ ತೂಗುವುದು ಆಕಸ್ಮಿಕವಲ್ಲ. ಕ್ಯಾನನ್ ತನ್ನ ಆರ್‌ಎಫ್ 100-500 ಝೂಮನ್ನು ಟ್ರೈಪಾಡಿಗೆ ಕೂರಿಸುವ ಕಾಲರ್ ಬಿಟ್ಟು ಸುಮಾರು 1.4 ಕಿಲೋಗೆ ಇಳಿಸಿದ್ದರೆ, ಅದಕ್ಕಾಗಿ ಝೂಮಿನ ಉದ್ದದ ತುದಿಯಲ್ಲಿ ಎಫ್ 7.1ಕ್ಕೆ, ಅಂದರೆ ಇನ್ನಷ್ಟು ಕಿರಿದಾದ ದ್ವಾರಕ್ಕೆ, ಒಪ್ಪಿಕೊಂಡಿದೆ.

ಈಗ ಗಾಳಿಯ ವಿಷಯಕ್ಕೆ ಬರೋಣ. ಬೆಳಕಿನ ವಿವರ್ತನೆಯ (ದ್ವಾರದ ಮೂಲಕ ಹಾಯುವಾಗ ಬೆಳಕು ಕೊಂಚ ಹರಡಿಕೊಳ್ಳುವ) ನಿಯಮದ ಪ್ರಕಾರ 95 ಮಿ.ಮೀ. ದ್ವಾರದ ದೋಷರಹಿತ ಲೆನ್ಸು 300 ಮೀಟರ್ ದೂರದಲ್ಲಿ ಪರಸ್ಪರ 2 ಮಿ.ಮೀ. ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲುದು. ಕೃಷ್ಣಮೃಗದ ಕೊಂಬಿನ ಸುರುಳಿಯ ಮೇಲಿನ ಗೆರೆಗಳನ್ನು ಎಣಿಸಲು ಇದು ಧಾರಾಳವಾಗಿ ಸಾಕು. ಆದರೆ ಈ ಲೆಕ್ಕ ನಡುವಿನ ಗಾಳಿಯನ್ನು ನಿಶ್ಚಲವೆಂದು ಭಾವಿಸುತ್ತದೆ. ಬೀದರಿನ ಜಂಬಿಟ್ಟಿಗೆ ನೆಲವಾಗಲಿ, ಕಲಬುರಗಿಯ ತೊಗರಿ ಬೆಳೆಯುವ ಕರಿಮಣ್ಣಾಗಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ತನ್ನ ಮೇಲಿನ ಗಾಳಿಗಿಂತ ಬಹಳ ಹೆಚ್ಚು ಕಾದಿರುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ, ತಂಪು ಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಇಳಿಯುತ್ತದೆ. ಇದು ನಗಣ್ಯವೆನಿಸಬಹುದು, ಆದರೆ ಬೆಳಕು ಇಂಥ ಅಸಂಖ್ಯ ಗುಳ್ಳೆಗಳನ್ನು ದಾಟಿ ಬರಬೇಕು, ಮತ್ತು ಪ್ರತಿಯೊಂದು ಗುಳ್ಳೆಯೂ ಅದನ್ನು ಕೊಂಚ ಕೊಂಚವೇ ಬೇರೆ ದಿಕ್ಕಿಗೆ ಬಾಗಿಸುತ್ತದೆ. ಬರಿಗಣ್ಣಿಗೆ ದೂರದ ರಸ್ತೆ ನೀರಾಡಿದಂತೆ ತೋರುವ ಝಳ, ಉದ್ದ ಲೆನ್ಸಿಗೆ ಪ್ರಾಣಿಯ ಮೈಕೂದಲೆಲ್ಲ ಕರಗಿಹೋದ ಮಸುಕಾಗಿ ಕಾಣುತ್ತದೆ.

ಈ ಮಸುಕನ್ನು ಅಳೆಯಲು ಖಗೋಳ ವಿಜ್ಞಾನಿಗಳ ಬಳಿ ಒಂದು ಮಾನದಂಡವಿದೆ. ಅಮೆರಿಕದ ಡೇವಿಡ್ ಫ್ರೀಡ್ ಅವರ ಹೆಸರಿನಲ್ಲಿರುವ ಆ ಅಳತೆ, ಪ್ರಕ್ಷುಬ್ಧ ಗಾಳಿಯ ಮೂಲಕ ನೋಡುವಾಗ ಎಷ್ಟು ವ್ಯಾಸದವರೆಗೆ ದ್ವಾರವನ್ನು ಹಿಗ್ಗಿಸಿದರೆ ವಿವರ ಹೆಚ್ಚುತ್ತದೆ ಎಂಬುದನ್ನು ಹೇಳುತ್ತದೆ. ಅದನ್ನು ಮೀರಿ ದ್ವಾರ ಹಿಗ್ಗಿದರೆ ಬೆಳಕು ಹೆಚ್ಚುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಸುಡುವ ಮಧ್ಯಾಹ್ನ ನೆಲಕ್ಕೆ ಸಮೀಪವಾಗಿ 300 ಮೀಟರ್ ಸಾಗಿಬರುವ ಬೆಳಕಿಗೆ ಈ ಅಳತೆ ಒಂದೆರಡು ಸೆಂಟಿಮೀಟರಿಗೆ ಕುಸಿಯಬಲ್ಲುದು. ಆಗ ನಿಮ್ಮ 95 ಮಿ.ಮೀ. ಲೆನ್ಸು 2 ಮಿ.ಮೀ. ವಿವರವನ್ನು ಕೊಡದೆ ಒಂದು ಸೆಂಟಿಮೀಟರಿನ ವಿವರವನ್ನಷ್ಟೇ ಕೊಡುತ್ತದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಆ ದೂರಕ್ಕೆ ಒಂದು ಪಿಕ್ಸೆಲ್ ತೋರಿಸುವುದು 600 ಮಿ.ಮೀ.ನಲ್ಲಿ 3 ಮಿ.ಮೀ., 400 ಮಿ.ಮೀ.ನಲ್ಲಿ 4.5 ಮಿ.ಮೀ. ಅಂದರೆ ಗಾಳಿ ಕೊಡುವ ವಿವರವನ್ನೆಲ್ಲ 400 ಮಿ.ಮೀ. ಲೆನ್ಸೇ ಹಿಡಿದಾಗಿರುತ್ತದೆ. 600 ಮಾಡುವುದು ಅದೇ ಮಸುಕನ್ನು ಇನ್ನಷ್ಟು ಹಿಗ್ಗಿಸುವ ಕೆಲಸ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಜೋಡಿಸಿ ಸಂಗಮದೂರ ಹೆಚ್ಚಿಸುವ ಟೆಲಿಕನ್ವರ್ಟರ್ ಸೇರಿಸಿದರಂತೂ ಹಿಗ್ಗುವ ಮಸುಕಿನ ಜೊತೆಗೆ ಬೆಳಕೂ ನಷ್ಟವಾಗುತ್ತದೆ: 1.4 ಪಟ್ಟಿನದು ಬೆಳಕನ್ನು ಅರ್ಧಕ್ಕೆ, 2 ಪಟ್ಟಿನದು ಕಾಲು ಭಾಗಕ್ಕೆ ಇಳಿಸುತ್ತದೆ.

ಹಾಗಾದರೆ 600 ಮಿ.ಮೀ. ವ್ಯರ್ಥವೇ? ಖಂಡಿತ ಅಲ್ಲ. ಸೂರ್ಯೋದಯದ ನಂತರ ಹಾಗೂ ಸೂರ್ಯಾಸ್ತಕ್ಕೆ ಮೊದಲು, ನೆಲ ಮತ್ತು ಗಾಳಿ ಒಂದೇ ಉಷ್ಣತೆಗೆ ಬರುವ ಕೆಲ ಹೊತ್ತು, ಈ ಕಂಪನ ಬಹುಮಟ್ಟಿಗೆ ಅಡಗುತ್ತದೆ. ಆ ಹೊತ್ತಿನಲ್ಲಿ, ನೂರು ಮೀಟರಿನೊಳಗಿನ ಪ್ರಾಣಿಗೆ, ಉದ್ದ ಲೆನ್ಸು ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಆದರೆ ಆಗ ಬೆಳಕು ಕಡಿಮೆ. ಓಡುವ ಜಿಂಕೆಗೂ ಹಾರುವ ಹೆಬ್ಬಾತಿಗೂ ಸೆಕೆಂಡಿನ 1/2000 ಭಾಗದಷ್ಟು ಚುರುಕಾದ ಶಟರ್ ಬೇಕು, ಮತ್ತು ಲೆನ್ಸಿನಲ್ಲಿರುವ ಸ್ಥಿರೀಕರಣ ವ್ಯವಸ್ಥೆ ನಮ್ಮ ಕೈಯ ನಡುಕವನ್ನು ತಡೆಯಬಲ್ಲುದೇ ಹೊರತು ಪ್ರಾಣಿಯ ಓಟವನ್ನಲ್ಲ. ಅದಕ್ಕೇ ನಮ್ಮ ಕಡೆಯವರು ಲೆನ್ಸ್ ಕೊಳ್ಳುವಾಗ 600ರಿಂದ 800ಕ್ಕೆ ಏರುವ ಆಸೆಗಿಂತ ತುದಿಯ ಅಪರ್ಚರನ್ನು ಹೆಚ್ಚು ಗಮನಿಸಬೇಕೆಂದು ನಾನು ಹೇಳುತ್ತೇನೆ. 800 ಮಿ.ಮೀ.ನಲ್ಲಿ ಎಫ್ 9 ಇರುವ ಝೂಮ್‌ಗಿಂತ 500 ಮಿ.ಮೀ.ನಲ್ಲಿ ಎಫ್ 5.6 ಇರುವ ಝೂಮ್ ಸೆನ್ಸರಿನ ಮೇಲೆ ಎರಡೂವರೆ ಪಟ್ಟು ಹೆಚ್ಚು ಪ್ರಖರವಾದ ಬಿಂಬವನ್ನು ಬೀಳಿಸುತ್ತದೆ.

ಧೂಳಿನ ವಿಷಯವನ್ನೂ ಹೇಳಬೇಕು. ಝೂಮ್ ತಿರುಗಿಸಿದಾಗ ಮೈ ಹೊರಚಾಚುವ ಲೆನ್ಸು ಪ್ರತಿ ಸಲವೂ ಗಾಳಿಯನ್ನು ಒಳಗೆಳೆದು ಹೊರಬಿಡುತ್ತದೆ, ಬೇಸಿಗೆಯ ಕರಿಮಣ್ಣಿನ ಹುಡಿ ಅದರ ಜೊತೆಯಲ್ಲೇ ಒಳಸೇರಬಹುದು. ಸೋನಿಯ 200-600, ನಿಕಾನಿನ ಝಡ್ 180-600 ಒಳಗೊಳಗೇ ಝೂಮ್ ಆಗುವುದರಿಂದ ಈ ತೊಂದರೆ ಕಡಿಮೆ. ಬದಲಿಗೆ ಅವು ಚೀಲದಲ್ಲಿ ಹೆಚ್ಚು ಜಾಗ ಕೇಳುತ್ತವೆ.

ದೂರವನ್ನು ಅರ್ಧಕ್ಕೆ ಇಳಿಸಿದರೆ ಸಂಗಮದೂರವನ್ನು ಇಮ್ಮಡಿಗೊಳಿಸಿದಷ್ಟೇ ದೊಡ್ಡ ಬಿಂಬ ಸಿಗುತ್ತದೆ, ಮೇಲಾಗಿ ನಡುವಿನ ಗಾಳಿಯೂ ಅರ್ಧವಾಗುತ್ತದೆ. ಕೃಷ್ಣಮೃಗಗಳು ನಡೆದು ಬರುವ ಮನುಷ್ಯನಿಗಿಂತ ಸುಮ್ಮನೆ ನಿಂತ ವಾಹನವನ್ನು ಹೆಚ್ಚು ಸಹಿಸುತ್ತವೆ. ಅವುಗಳನ್ನು ಅಟ್ಟಿಕೊಂಡು ಹೋಗಿ ದೂರ ಕಡಿಮೆ ಮಾಡುವುದು ಮಾತ್ರ ಸರ್ವಥಾ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಟ್ಟುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಕಾರಿನೊಳಗೆ ಕಾಯುವವರು ಎ.ಸಿ. ಆರಿಸಿ, ಗಾಜುಗಳನ್ನು ಇಳಿಸಿ, ಒಳಗಿನ ಮತ್ತು ಹೊರಗಿನ ಗಾಳಿ ಸಮನಾಗಲು ಬಿಡಬೇಕು. ಇಲ್ಲದಿದ್ದರೆ ಕಿಟಕಿಯಲ್ಲೇ ಬಿಸಿ ಗಾಳಿ, ತಂಪು ಗಾಳಿ ಬೆರೆತು ಲೆನ್ಸಿನ ಮುಂದೆಯೇ ಝಳ ಏಳುತ್ತದೆ. ಪ್ರಾಣಿಯ ಕಣ್ಣಿನ ಮಟ್ಟದಿಂದ ತೆಗೆಯಬೇಕೆಂದು ನೆಲಕ್ಕೆ ಒರಗಿ ಮಲಗುವವರು ಅದನ್ನು ಬೆಳಗಿನಲ್ಲೇ ಮಾಡುವುದು ಮೇಲು, ಏಕೆಂದರೆ ಬಿಸಿಲೇರಿದ ಮೇಲೆ ಅತಿ ಹೆಚ್ಚು ಕದಡುವುದು ಆ ಮಟ್ಟದ ಗಾಳಿಯೇ.

ಬಳಸಿದ ಲೆನ್ಸನ್ನು ಕೊಳ್ಳುವವರು ಪರೀಕ್ಷೆಯ ವೇಳೆಯನ್ನೂ ಜಾಗವನ್ನೂ ಸರಿಯಾಗಿ ಆರಿಸಬೇಕು. ಮಧ್ಯಾಹ್ನ ಮಹಡಿಯ ಮೇಲೆ ನಿಂತು ದೂರದ ನೀರಿನ ಟ್ಯಾಂಕಿನತ್ತ ಗುರಿಯಿಟ್ಟರೆ ಅಲ್ಲಿ ನಡೆಯುವುದು ಗಾಳಿಯ ಪರೀಕ್ಷೆ, ಲೆನ್ಸಿನದ್ದಲ್ಲ. ಮುಂಜಾನೆ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಬಿಗಿದು, ಇಪ್ಪತ್ತು ಮೀಟರ್ ದೂರದ ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಚೌಕಟ್ಟಿನ ಮೂಲೆಗಳವರೆಗೂ ಬರುವಂತೆ ಅಂಟಿಸಿ, ಝೂಮಿನ ತುದಿಯಲ್ಲಿ ಅಪರ್ಚರನ್ನು ಪೂರ್ತಿ ತೆರೆದು ಒಮ್ಮೆ, ಎಫ್ 8ಕ್ಕೆ ಇಳಿಸಿ ಇನ್ನೊಮ್ಮೆ ಚಿತ್ರ ತೆಗೆಯಬೇಕು. ಎರಡರಲ್ಲೂ ಸಣ್ಣ ಅಕ್ಷರಗಳು ಹೆಚ್ಚು ಕಡಿಮೆ ಒಂದೇ ಸ್ಪಷ್ಟತೆಯಲ್ಲಿ ಓದಲು ಬಂದರೆ, ನಾಲ್ಕೂ ಮೂಲೆಗಳು ಸಮನಾಗಿದ್ದರೆ, ಆ ಲೆನ್ಸಿನ ಗಾಜುಗಳು ಸರಿಯಾಗಿ ಕೂತಿವೆ ಎಂದು ನಂಬಬಹುದು.