ಟೈಟಾನಿಕ್‌ನ ಚುಕ್ಕಾಣಿ ಕೋಣೆ: ಆ ರಾತ್ರಿ ಚಕ್ರ ತಿರುಗಿದ್ದು ಯಾವ ಕಡೆಗೆ?

ಚುಕ್ಕಾಣಿ ಹಿಡಿದವರು ಅಂದರೆ ಕನ್ನಡದಲ್ಲಿ ಎಲ್ಲ ತೀರ್ಮಾನ ಮಾಡುವವರು ಅಂತಲೇ ಅರ್ಥ. ಪಕ್ಷದ ಚುಕ್ಕಾಣಿ, ಸರ್ಕಾರದ ಚುಕ್ಕಾಣಿ ಅಂತ ದಿನಾ ಓದುತ್ತೇವೆ ಅಲ್ವಾ? ಆದರೆ 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಚುಕ್ಕಾಣಿ ಹಿಡಿದಿದ್ದ ರಾಬರ್ಟ್ ಹಿಚೆನ್ಸ್‌ಗೆ ಎದುರಿನ ಸಮುದ್ರವೇ ಕಾಣುತ್ತಿರಲಿಲ್ಲ.

ಅಧಿಕಾರಿಗಳು ನಿಲ್ಲುವ ತೆರೆದ ಬ್ರಿಡ್ಜ್ ಮುಂದಿತ್ತು. ಅದರ ಹಿಂದೆ ಮರದ ಗೋಡೆಯ ವೀಲ್‌ಹೌಸ್, ಅಂದರೆ ಚುಕ್ಕಾಣಿ ಕೋಣೆ. ರಾತ್ರಿ ಒಳಗಿನ ಬೆಳಕು ಹೊರಗಿನವರ ಕಣ್ಣು ಕುಕ್ಕಬಾರದೆಂದು ಕಿಟಕಿ ಮುಚ್ಚುತ್ತಿದ್ದರು. ಹಿಚೆನ್ಸ್ ಮುಂದೆ ಇದ್ದದ್ದು ದಿಕ್ಸೂಚಿ ಮಾತ್ರ. ಚಕ್ರ ತಿರುಗಿಸಿದರೆ ಟೆಲಿಮೋಟರ್ ಎಂಬ ಕಂಚಿನ ಯಂತ್ರ ಕೊಳವೆಯಲ್ಲಿದ್ದ ದ್ರವವನ್ನು ಒತ್ತುತ್ತಿತ್ತು. ಆ ಒತ್ತಡ ಹಡಗಿನ ಹಿಂಬದಿಯಲ್ಲಿದ್ದ ಉಗಿ ಯಂತ್ರಕ್ಕೆ ತಲುಪಿ, ಸುಮಾರು 100 ಟನ್ ತೂಕದ ಚುಕ್ಕಾಣಿ ಹಲಗೆ ಹೊರಳುತ್ತಿತ್ತು.

ರಾತ್ರಿ 11:40ಕ್ಕೆ ಮೇಲಿನ ಕಾವಲುಗಾರ ಫ್ರೆಡರಿಕ್ ಫ್ಲೀಟ್ ಮೂರು ಸಲ ಗಂಟೆ ಬಾರಿಸಿದರು. ಬ್ರಿಡ್ಜ್‌ನಲ್ಲಿದ್ದ ಮೊದಲ ಅಧಿಕಾರಿ ವಿಲಿಯಂ ಮರ್ಡಾಕ್ ಕೂಗಿದ್ದು "ಹಾರ್ಡ್ ಎ-ಸ್ಟಾರ್‌ಬೋರ್ಡ್". ಎಲ್ಲ ಗೊಂದಲ ಶುರುವಾಗುವುದು ಇಲ್ಲೇ. ಸ್ಟಾರ್‌ಬೋರ್ಡ್ ಅಂದರೆ ಬಲಗಡೆ. ಹಡಗು ತಿರುಗಿದ್ದು ಎಡಕ್ಕೆ!

ಇದು ತಪ್ಪಲ್ಲ, ಹಳೇ ಪದ್ಧತಿ. ಚುಕ್ಕಾಣಿಗೆ ಚಕ್ರದ ಬದಲು ಹಿಡಿ ಇರುವ ಸಣ್ಣ ದೋಣಿಯನ್ನು ನೆನೆಸಿಕೊಳ್ಳಿ. ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿಯ ಮೂತಿ ಎಡಕ್ಕೆ ಹೋಗುತ್ತದೆ. ಹಾಯಿ ಹಡಗಿನ ಕಾಲದ ಆಜ್ಞೆಗಳು ಆ ಹಿಡಿಯ ಲೆಕ್ಕದಲ್ಲಿದ್ದವು. ಹಿಡಿ ಹೋಗಿ ಚಕ್ರ ಬಂತು, ಹಾಯಿ ಹೋಗಿ ಉಗಿ ಬಂತು, ಮಾತು ಮಾತ್ರ ಹಾಗೇ ಉಳಿಯಿತು. ಬ್ರಿಟಿಷ್ ಹಡಗುಗಳಲ್ಲಿ ಅದು ಬದಲಾಗಿದ್ದು 1933ರಲ್ಲಿ.

ಹಿಚೆನ್ಸ್ ಚಕ್ರವನ್ನು ಪೂರ್ತಿ ತಿರುಗಿಸಿದರು. ಪಕ್ಕದಲ್ಲೇ ನಿಂತಿದ್ದ ಆರನೇ ಅಧಿಕಾರಿ ಜೇಮ್ಸ್ ಮೂಡಿ ಅದನ್ನು ನೋಡಿ ಮರ್ಡಾಕ್‌ಗೆ ಕೂಗಿ ತಿಳಿಸಿದರು. ಹಡಗು ಎರಡು ಪಾಯಿಂಟ್, ಅಂದರೆ ಇಪ್ಪತ್ತೆರಡೂವರೆ ಡಿಗ್ರಿ ಎಡಕ್ಕೆ ತಿರುಗುವಷ್ಟರಲ್ಲಿ ಬಲಬದಿ ನೀರ್ಗಲ್ಲಿಗೆ ಉಜ್ಜಿತು. ಆಮೇಲೆ ಸೋದರ ಹಡಗು ಒಲಿಂಪಿಕ್‌ನಲ್ಲಿ ಪರೀಕ್ಷೆ ಮಾಡಿದರು. ಅಷ್ಟು ತಿರುಗಲು ಅದಕ್ಕೆ ಹಿಡಿದದ್ದು 37 ಸೆಕೆಂಡ್.

ಮರ್ಡಾಕ್, ಮೂಡಿ ಇಬ್ಬರೂ ಹಡಗಿನ ಜೊತೆ ಹೋದರು. ಚಕ್ರದ ಬಳಿ ಇದ್ದವರಲ್ಲಿ ವಿಚಾರಣೆಗಳಲ್ಲಿ ಹೇಳಲು ಉಳಿದದ್ದು ಹಿಚೆನ್ಸ್ ಒಬ್ಬರೇ. ತಮಗೆ ಸಿಕ್ಕಿದ್ದು ಆ ಒಂದೇ ಆಜ್ಞೆ ಎಂದರು. ಡಿಕ್ಕಿಯ ಹೊತ್ತಿಗೆ ಬ್ರಿಡ್ಜ್‌ಗೆ ಬಂದ ಇನ್ನೊಬ್ಬ ಚುಕ್ಕಾಣಿಗಾರ ಆಲ್ಫ್ರೆಡ್ ಆಲಿವರ್, ಆಮೇಲೆ "ಹಾರ್ಡ್ ಎ-ಪೋರ್ಟ್" (ಹಳೇ ಪದ್ಧತಿಯಲ್ಲಿ ಹಡಗನ್ನು ಬಲಕ್ಕೆ ತಿರುಗಿಸು) ಅಂದದ್ದೂ ಕೇಳಿಸಿತು ಎಂದರು. ಮುಂಭಾಗ ತಪ್ಪಿದ ಮೇಲೆ ಹಿಂಭಾಗವನ್ನೂ ತಪ್ಪಿಸಲು ಹೀಗೆ ಮಾಡುವುದುಂಟು. ಎರಡು ಸಾಕ್ಷಿಗಳ ನಡುವಿನ ಈ ಬಿರುಕೇ ಮುಂದಿನ ಎಲ್ಲ ವಾದಗಳ ಬೇರು.

ನಂತರ 1940ರಲ್ಲಿ ಹಿಚೆನ್ಸ್ ತೀರಿಕೊಂಡರು, ಎರಡು ಮಹಾಯುದ್ಧ ಮುಗಿದವು, 1985ರಲ್ಲಿ ಹಡಗಿನ ಅವಶೇಷ ಸಿಕ್ಕಿತು. 2010ರಲ್ಲಿ ಎರಡನೇ ಅಧಿಕಾರಿ ಚಾರ್ಲ್ಸ್ ಲೈಟೋಲರ್ ಅವರ ಮೊಮ್ಮಗಳು ಹೊಸ ಮಾತು ಹೇಳಿದರು. ಹಾಯಿ ಹಡಗಿನ ಆಜ್ಞೆ ಬೇರೆ, ಉಗಿ ಹಡಗಿನದು ಬೇರೆ, ಆ ಗೊಂದಲದಲ್ಲಿ ಚಕ್ರ ಮೊದಲು ತಪ್ಪು ದಿಕ್ಕಿಗೆ ತಿರುಗಿತು ಅಂತ ಅವರ ಮನೆಯಲ್ಲಿ ಮಾತಿತ್ತಂತೆ. ಹಿಚೆನ್ಸ್ ಮನೆಯವರು ಒಪ್ಪಲಿಲ್ಲ. ಲೈಟೋಲರ್ ವಿಚಾರಣೆಯಲ್ಲಿ ಇದನ್ನು ಹೇಳಿರಲಿಲ್ಲ. ಅಲ್ಲದೆ ಆ ಕಾಲದ ಬ್ರಿಟಿಷ್ ಉಗಿ ಹಡಗುಗಳಲ್ಲೂ ಹಳೇ ಆಜ್ಞೆಯೇ ನಡೆಯುತ್ತಿತ್ತು. ಕಣ್ಣಿಗೆ ಏನೂ ಕಾಣದೆ, ಕಿವಿಗೆ ಬಿದ್ದದ್ದನ್ನು ಮಾಡಿದವರ ತಲೆಗೆ ಸುಮಾರು 1,500 ಜೀವಗಳ ಭಾರ ಕಟ್ಟುವ ಮುಂಚೆ ಇಷ್ಟಾದರೂ ನೋಡಬೇಕಲ್ವಾ?

ಈಗ ಆ ಕೋಣೆಯೇ ಇಲ್ಲ. ಗೋಡೆ, ಕಿಟಕಿ, ಚಕ್ರ ಎಲ್ಲ ಹೋಗಿವೆ. ಸುಮಾರು 3,800 ಮೀಟರ್ ಆಳದಲ್ಲಿ, ಡೆಕ್ ಮೇಲೆ ಕಂಚಿನ ಟೆಲಿಮೋಟರ್ ಒಂದೇ ನೆಟ್ಟಗೆ ನಿಂತಿದೆ. ಅಲ್ಲಿಗೆ ಇಳಿದವರು ಅದರ ಬುಡದಲ್ಲಿ ಸತ್ತವರ ನೆನಪಿನ ಫಲಕಗಳನ್ನು ಇಟ್ಟು ಬಂದಿದ್ದಾರೆ.