ಟಾರ್ಚ್ ಆರಿಸಿ, ಅರ್ಧ ಗಂಟೆ ಕಾಯಿರಿ

ರಾತ್ರಿ ಸಫಾರಿಗೆ ಹೋಗಿ ಬಂದವರು ಹೆಚ್ಚಾಗಿ ಹೇಳುವ ಮಾತು, "ಏನೂ ಕಾಣಿಸಲೇ ಇಲ್ಲ." ದೂರದಿಂದ ಆಸೆಪಟ್ಟು ಹೋದವರಿಗೆ ಬೇಜಾರಾಗುತ್ತದೆ ನಿಜ. ಆದರೆ ಎಷ್ಟೋ ಸಲ ಪ್ರಾಣಿ ಹತ್ತಿರದಲ್ಲೇ ಇರುತ್ತದೆ. ನಮ್ಮ ಕಣ್ಣು ಇನ್ನೂ ಕತ್ತಲೆಗೆ ಬಂದಿರುವುದಿಲ್ಲ, ಅಷ್ಟೆ.

ನಮ್ಮ ಕಣ್ಣಿನ ಹಿಂಪರದೆಯಲ್ಲಿ ಕೋನ್ ಎಂಬ ಕೋಶಗಳು ಸುಮಾರು 60 ಲಕ್ಷ ಇವೆ. ಹಗಲು, ಬಣ್ಣ ಇವೆಲ್ಲ ಅವುಗಳ ಕೆಲಸ. ರಾಡ್ ಎಂಬವು ಸುಮಾರು 12 ಕೋಟಿ. ಇವಕ್ಕೆ ಬಣ್ಣ ಗೊತ್ತಾಗುವುದಿಲ್ಲ, ಆದರೆ ನಕ್ಷತ್ರದ ಬೆಳಕು ಸಾಕು. ತೊಂದರೆ ಏನೆಂದರೆ, ರಾಡ್‌ಗಳಲ್ಲಿರುವ ರೊಡಾಪ್ಸಿನ್ ಅನ್ನುವ ವಸ್ತು ಜೋರು ಬೆಳಕು ಬಿದ್ದರೆ ಕೆಲಸಕ್ಕೆ ಬಾರದಂತಾಗುತ್ತದೆ, ಅದು ಮತ್ತೆ ಪೂರ್ತಿ ಸರಿಹೋಗಲು 20ರಿಂದ 30 ನಿಮಿಷ ಬೇಕು, ಅಷ್ಟರೊಳಗೆ ಯಾರೋ ಒಬ್ಬರು ಸುಮ್ನೆ ಮೊಬೈಲ್ ತೆಗೆದು ಟೈಮ್ ನೋಡಿದರೆ ಪಕ್ಕದಲ್ಲಿ ಕೂತ ಎಲ್ಲರೂ ಮತ್ತೆ ಕಾಯಬೇಕು.

ಇನ್ನೊಂದು ವಿಷಯ. ಕಣ್ಣಿನ ನಡುಬಿಂದುವಿನಲ್ಲಿ ರಾಡ್‌ಗಳೇ ಇಲ್ಲ. ಅದಕ್ಕೇ ಪೊದೆಯೊಳಗಿನ ಪುನುಗು ಬೆಕ್ಕನ್ನು ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿ, ಮತ್ತೆ ಕಾಣುತ್ತದೆ. ಮೊದಲ ಸಲ ಮಾಡಿದಾಗ ಮಾಯಾಜಾಲ ಅನ್ನಿಸುತ್ತದೆ.

ರಾತ್ರಿ ಪ್ರಾಣಿಗಳಿಗೆ ಇಷ್ಟು ಪರದಾಟ ಇಲ್ಲ. ಚಿರತೆ, ಜಿಂಕೆ, ಕಾಡುಪಾಪ ಇವುಗಳ ಹಿಂಪರದೆಯ ಹಿಂದೆ ಟಪೀಟಮ್ ಎಂಬ ಕನ್ನಡಿಯಂಥ ಪದರ ಇದೆ. ಮೊದಲ ಸಲ ತಪ್ಪಿಸಿಕೊಂಡ ಬೆಳಕನ್ನು ಅದು ವಾಪಸ್ ಕಳಿಸುತ್ತದೆ, ಕೋಶಗಳಿಗೆ ಅದನ್ನು ಹಿಡಿಯಲು ಇನ್ನೊಂದು ಅವಕಾಶ. ಆಗಲೂ ಉಳಿದದ್ದು ಹೊರಗೆ ಬರುತ್ತದೆ. ನಾವು ಕಾಣುವ ಕಣ್ಣಿನ ಹೊಳಪು ಅದೇ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದರಿಂದ, ಸಣ್ಣ ಟಾರ್ಚನ್ನು ಹಣೆಯ ಹತ್ತಿರ ಹಿಡಿದರೆ ಮಾತ್ರ ಅದು ಚೆನ್ನಾಗಿ ಕಾಣುತ್ತದೆ, ಸೊಂಟದ ಹತ್ತಿರ ಹಿಡಿದರೆ ಇಲ್ಲ. ಹುಲ್ಲಿನ ಮೇಲೆ ಇಬ್ಬನಿಯಂತೆ ಮಿನುಗುವ ಹಸಿರು ಚುಕ್ಕಿಗಳ ಹತ್ತಿರ ಹೋಗಿ ನೋಡಿ. ಅವು ಎಷ್ಟೋ ಸಲ ತೋಳಜೇಡದ ಕಣ್ಣುಗಳು!

ನನಗೆ ತುಂಬ ಇಷ್ಟವಾದದ್ದು ಟಾರ್ಸಿಯರ್. ಆಗ್ನೇಯ ಏಷ್ಯಾದ ದ್ವೀಪಗಳ ಈ ಪುಟ್ಟ ಪ್ರಾಣಿಗೆ, ನಮ್ಮ ಹಾಗೇ, ಆ ಕನ್ನಡಿ ಇಲ್ಲ. ಅದರ ಪೂರ್ವಜರು ಹಗಲಿಗೆ ಒಗ್ಗಿಕೊಂಡಾಗ ಅದು ಹೋಯಿತು ಎನ್ನುತ್ತಾರೆ ವಿಜ್ಞಾನಿಗಳು. ಮತ್ತೆ ರಾತ್ರಿಗೆ ಮರಳಿದಾಗ ಕಣ್ಣನ್ನೇ ದೊಡ್ಡದು ಮಾಡಿಕೊಳ್ಳಬೇಕಾಯಿತು. ಈಗ ಅದರ ಒಂದೊಂದು ಕಣ್ಣೂ ಹೆಚ್ಚುಕಡಿಮೆ ಅದರ ಮೆದುಳಿನಷ್ಟಿದೆ. ಗುಡ್ಡೆ ಹೊರಳಿಸಲಾಗದು, ತಲೆಯನ್ನೇ ತಿರುಗಿಸಬೇಕು. ಗೂಬೆಯೂ ಹೀಗೇ ಅಲ್ವಾ? ಆದರೆ ಕಣಜಗೂಬೆಗೆ ಕಣ್ಣೂ ಬೇಕಿಲ್ಲ. ಅದರ ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ. ಇಲಿಯ ಸದ್ದು ಎರಡು ಕಿವಿಗೂ ಬೇರೆಬೇರೆಯಾಗಿ ಕೇಳುವುದರಿಂದಲೇ ಇಲಿ ಎಲ್ಲಿದೆ ಎಂದು ಲೆಕ್ಕ ಹಾಕಿ, ಪೂರ್ತಿ ಕಗ್ಗತ್ತಲಲ್ಲೂ ಅದನ್ನು ಹಿಡಿಯುತ್ತದೆ.

ಹಾಗಾಗಿ ಕೂಗಾಡುವವರ ಗುಂಪಿನಲ್ಲಿ ಹೋಗಬೇಡಿ. ನಮಗೆ ಗುಸುಗುಸು ಅನ್ನಿಸಿದ್ದು ಅವುಗಳಿಗೆ ಜೋರು ಮಾತು. ಫ್ಲ್ಯಾಶ್ ಅಂತೂ ಬೇಡವೇ ಬೇಡ, ರಾತ್ರಿಗೆಂದೇ ಅಗಲಿಸಿಕೊಂಡ ಕಣ್ಣಿಗೆ ಅದು ಹಿಂಸೆ. ದಾರಿ ನೋಡಲು ಮಂದವಾದ ಕೆಂಪು ದೀಪ ಒಳ್ಳೆಯದು, ರಾಡ್‌ಗಳಿಗೆ ಕೆಂಪು ಬೆಳಕು ಹೆಚ್ಚು ತಟ್ಟುವುದಿಲ್ಲ. ರಾತ್ರಿ ಪ್ರಾಣಿಗಳಿಗೆಂದೇ ಕಟ್ಟಿದ ಮೊದಲ ಮೃಗಾಲಯ 1994ರಲ್ಲಿ ಸಿಂಗಾಪುರದಲ್ಲಿ ತೆರೆಯಿತು. ಅಲ್ಲೂ ದೀಪಗಳನ್ನು ಬೆಳದಿಂಗಳಿನಷ್ಟೇ ಮಂದವಾಗಿ ಇಡುತ್ತಾರೆ.

ನಡುವೆ ದೀಪ ಇರುವ ಕಡೆ ಹೋಗಲೇಬೇಕಾದರೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಹೋಗಿ. ಎರಡು ಕಣ್ಣೂ ಬೇರೆಬೇರೆಯಾಗಿಯೇ ಕತ್ತಲೆಗೆ ಹೊಂದಿಕೊಳ್ಳುತ್ತವೆ. ಮುಚ್ಚಿದ್ದ ಆ ಕಣ್ಣು, ನೀವು ಮರಳಿ ಬಂದಾಗ, ಮರದ ಮೇಲಿನ ಕಾಡುಪಾಪವನ್ನು ಬಿಟ್ಟಲ್ಲಿಂದಲೇ ನೋಡಲು ಶುರುಮಾಡುತ್ತದೆ.